ಬೆಳಿಗ್ಗೆ ಎದ್ದಾಗ ಅಪ್ಪನ ಕಣ್ಣಿನ ರೆಪ್ಪೆ ಊದಿರುತ್ತದೆ, ಯಾಕೆ?

ಪ್ರಶ್ನೆ: ಅಪ್ಪನಿಗೆ ನಾಲಿಗೆಯ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿ, ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಆಮೇಲೆ ರೇಡಿಯೇಷನ್ ಕೊಟ್ಟರು. ಎಲ್ಲ ಮುಗಿದು 4 ತಿಂಗಳಾಯಿತು. ಈಗ ಬೆಳಿಗ್ಗೆ ಎದ್ದರೆ ಎರಡೂ ರೆಪ್ಪೆ ಊದಿಕೊಂಡು ಕಣ್ಣು ಬಿಡುವುದೇ ಕಷ್ಟ. ಮಧ್ಯಾಹ್ನಕ್ಕೆ ಇಳಿಯುತ್ತದೆ. ಬಾವು ಜಾಸ್ತಿ ಆಗುತ್ತದೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. ಕ್ಯಾನ್ಸರ್ ಮತ್ತೆ ಬಂತಾ ಅಂತ ಭಯವಾಗಿದೆ.

ಉತ್ತರ: ಮೊದಲು ನೀರಿನ ವಿಷಯ. ಹೃದಯ, ಕಿಡ್ನಿ ತೊಂದರೆಗೆ ಡಾಕ್ಟರ್ ಮಿತಿ ಹೇಳಿಲ್ಲವಾದರೆ, ದಯವಿಟ್ಟು ಅವರಿಗೆ ನೀರು ಕುಡಿಯಲು ಹೇಳಿ. ರೇಡಿಯೇಷನ್ ಆದವರ ಬಾಯಿ ಮೊದಲೇ ಒಣಗಿರುತ್ತದೆ. ನೀರು ಬಿಟ್ಟರೆ ಇಂಥ ಬಾವು ಇಳಿಯುವುದಿಲ್ಲ.

ನೀವು ಹೇಳಿದ್ದನ್ನು ನೋಡಿದರೆ ಇದು ಲಿಂಫೆಡಿಮಾ ಇರಬಹುದು, ಅಂದರೆ ದೇಹದಲ್ಲಿ ಹರಿಯುವ ಲಿಂಫ್ ಎಂಬ ದ್ರವ ಸರಿಯಾಗಿ ಹರಿಯದೆ ನಿಂತು ಬರುವ ಬಾವು. ದೇಹದ ಲಿಂಫ್ ಗ್ರಂಥಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ತಲೆ, ಕುತ್ತಿಗೆಯಲ್ಲೇ ಇವೆ. ಮುಖದ ಲಿಂಫ್ ದ್ರವ ಕೆಳಗಿಳಿಯುವುದು ಕುತ್ತಿಗೆಯ ದಾರಿಯಲ್ಲೇ. ಆಪರೇಷನ್‌ನಲ್ಲಿ ಕೆಲವು ಗ್ರಂಥಿ ಹೋದವು. ಉಳಿದ ದಾರಿ ರೇಡಿಯೇಷನ್‌ನಿಂದ ಬಿಗಿದುಕೊಳ್ಳುತ್ತದೆ. ದ್ರವ ಮೇಲೇ ನಿಂತುಬಿಡುತ್ತದೆ. ರೆಪ್ಪೆಯ ಚರ್ಮ ತೀರ ತೆಳು, ಸಡಿಲ ಅಲ್ವಾ, ಅಲ್ಲಿ ಬೇಗ ತುಂಬಿಕೊಳ್ಳುತ್ತದೆ. ರಾತ್ರಿ ಮಲಗಿದಾಗ ಹೆಚ್ಚುತ್ತದೆ, ಎದ್ದು ಓಡಾಡಿದ ಮೇಲೆ ಇಳಿಯುತ್ತದೆ. ಗದ್ದದ ಕೆಳಗೂ ಊತ ಇದೆಯಾ ನೋಡಿ.

ಹಾಗಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಚಿಕಿತ್ಸೆ ಕೊಟ್ಟ ಡಾಕ್ಟರ್ ಒಮ್ಮೆ ಕುತ್ತಿಗೆ, ಬಾಯಿ ಪರೀಕ್ಷಿಸಿ ಕ್ಯಾನ್ಸರ್ ಮರಳಿಲ್ಲ ಎಂದು ಖಚಿತ ಮಾಡಲಿ. ಜೊತೆಗೆ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಕೇಳಿ. ಕುತ್ತಿಗೆಗೆ ರೇಡಿಯೇಷನ್ ಆದ ಎಷ್ಟೋ ಜನರಲ್ಲಿ ಥೈರಾಯ್ಡ್ ಕುಂದುತ್ತದೆ, ಅದರಿಂದಲೂ ರೆಪ್ಪೆ ಊದುತ್ತದೆ. ಇದನ್ನು ಮರೆಯುವುದು ಸುಲಭ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಟ್ಟಿದ್ದರೆ ಕಿಡ್ನಿಯನ್ನೂ ನೋಡಬೇಕು.

ಲಿಂಫೆಡಿಮಾ ಎಂದೇ ಆದರೆ, ಅದರ ತರಬೇತಿ ಇರುವ ಫಿಸಿಯೋಥೆರಪಿಸ್ಟ್ ಹತ್ತಿರ ಮಸಾಜ್ ಕಲಿಯಿರಿ. ಇದು ಒತ್ತಿ ತಿಕ್ಕುವ ಮಸಾಜ್ ಅಲ್ಲ. ಚರ್ಮವನ್ನು ಹಗುರವಾಗಿ ಜಾರಿಸುವುದು, ಅಷ್ಟೇ. ಮೊದಲು ಎದೆ, ಕಂಕುಳ ಕಡೆ ದಾರಿ ಬಿಡಿಸಿ, ಆಮೇಲೆ ಮುಖ. ದಿನಾ ಮಾಡಿದರೇ ಫಲ. ಮಲಗುವಾಗ ತಲೆಯ ಕಡೆ ಎತ್ತರಿಸಿ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಈ ಬಾವು ಗುಣವಾಗುವುದಿಲ್ಲ, ಸುಮ್ನೆ ತೆಗೆದುಕೊಳ್ಳಬೇಡಿ.

ರೆಪ್ಪೆ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಕಣ್ಣು ಆಡಿಸಿದಾಗ ನೋವಾದರೆ, ಎರಡೆರಡು ಕಂಡರೆ ಮಸಾಜ್ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ ಒಂದು ಕ್ಷಣವೂ ಕಾಯಬೇಡಿ.

ಇವತ್ತಿನಿಂದಲೇ ಬೆಳಿಗ್ಗೆ, ಸಂಜೆ ಮುಖದ ಫೋಟೊ ತೆಗೆದಿಡಿ. ನೀವು ಡಾಕ್ಟರ್ ಹತ್ತಿರ ಹೋಗುವ ಹೊತ್ತಿಗೆ ಊತ ಇಳಿದಿರುತ್ತದೆ, ಆಗ ತೋರಿಸಲು ಬೇಕಾಗುತ್ತದೆ.