ಬರಗಾಲದಾಗ ಅಧಿಕ ಮಾಸ

ನಿಮ್ಮ ಕಡೆ ಗಾದೆಗಳೆಲ್ಲ ಮರಾಠಿಯಿಂದ ಬಂದವೇನ್ರಿ ಅಂತ ಕೇಳಿದ್ರಲ್ಲ, ಈ ಪ್ರಶ್ನೆ ನಮ್ಮ ವಿಜಯಪುರ ಜಿಲ್ಲೆಯ ಗಡಿಯ ಊರು ಚಡಚಣದ ಸಂತೆಯಲ್ಲಿ ಕೇಳಿದ್ರೆ ಜನ ನಕ್ಕಾರು. ಇಲ್ಲಿ ರಾಜ್ಯ ಬೇರೆ ಆದ್ರೂ ಮಳೆ, ಬರ, ಪಂಚಾಂಗ ಎರಡೂ ಕಡೆ ಒಂದೇ.

ಕಷ್ಟದ ಮೇಲೆ ಕಷ್ಟ ಬಿದ್ದಾಗ ನಾವು "ಬರಗಾಲದಾಗ ಅಧಿಕ ಮಾಸ ಬಂದ್ಹಂಗಾತು" ಅಂತೀವಿ. ಗಡಿಯಾಚೆ ಮಹಾರಾಷ್ಟ್ರದ ಜತ್ತದವರು "ದುಷ್ಕಾಳಾತ ತೇರಾವಾ ಮಹಿನಾ" (ಬರಗಾಲದಾಗ ಹದಿಮೂರನೇ ತಿಂಗಳು) ಅಂತಾರೆ. ಯಾರದ್ದು ಮೊದಲು ಅನ್ನೋ ಜಗಳ ಬಿಡ್ರಿ. ಚಾಂದ್ರಮಾನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ ಬೀಳೋದ್ರಿಂದ 32-33 ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸ್ತಾರೆ. ಹಗೇವು (ಕಾಳು ತುಂಬಿಡೋ ನೆಲದ ಗುಂಡಿ) ತಳ ಕಂಡಿದ್ದಾಗ ಇನ್ನೊಂದು ತಿಂಗಳು ಉಣ್ಣೋದೇನು ಅನ್ನೋದೇ ಗಾದೆಯ ಅರ್ಥ ಅಂತ ಎಲ್ಲರೂ ಹೇಳೋದು. ನನಗದು ಪೂರ್ತಿ ಒಪ್ಪಿಗೆ ಇಲ್ಲ. ಸುಗ್ಗಿ ಸೂರ್ಯನ ಲೆಕ್ಕ. ಅಧಿಕ ಮಾಸ ಬಂತು ಅಂತ ಅದು ಒಂದು ದಿನಾನೂ ಮುಂದೆ ಹೋಗಲ್ಲ. ಹೆಚ್ಚಾಗೋದು ಖರ್ಚು. ಆ ತಿಂಗಳು ಮಗಳು-ಅಳಿಯನ್ನ ಕರೆಸಿ, 33 ಅನಾರಸ ಇಟ್ಟು ಬಾಗಿನ ಕೊಡೋ ಪದ್ಧತಿ ಬಹಳ ಮನೆಗಳಲ್ಲಿದೆ. ಜೋಳದ ನಾಡಿನಲ್ಲಿ ಅಕ್ಕಿ ಕೊಂಡು ತಂದು, ಮೂರು ದಿನ ನೆನೆಹಾಕಿ, ಕುಟ್ಟಿ, ಬೆಲ್ಲ ಕಲಸಿ, ಗಸಗಸೆ ಮೇಲೆ ತಟ್ಟಿ ತುಪ್ಪದಲ್ಲಿ ಕರೀಬೇಕು. ಮೇಲೆ ಅಳಿಯನಿಗೆ ಬಟ್ಟೆ ಬೇರೆ. ಬರದಾಗ ಮಾವನ ಎದೆ ಒಡೆಯೋದು ಇಲ್ಲೇ ಅಂತ ನನ್ನ ಲೆಕ್ಕ. (ಅಳಿಯಂದಿರು ಒಪ್ಪಲಿಕ್ಕಿಲ್ಲ.)

ಬರ ಇಲ್ಲಿ ಬರೀ ಮಾತಿನದ್ದಲ್ಲ. 1791-92ರದ್ದನ್ನ ಡೋಗಿ ಬರ, ಅಂದ್ರೆ ತಲೆಬುರುಡೆ ಬರ, ಅಂತಾರೆ. ಹೂಳೋರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ವಂತೆ. 1876-78ರದ್ದೂ ಅಷ್ಟೇ ಘೋರ. ಮೊನ್ನೆ 2023ರಲ್ಲಿ ಅಧಿಕ ಶ್ರಾವಣ ಬಂತು, ಸೆಪ್ಟೆಂಬರಿನಲ್ಲಿ ಸರ್ಕಾರ ಬರ ಘೋಷಿಸಿತು. ಗಾದೆ ಅಕ್ಷರಶಃ ಹೊಂದಿತು.

ಹಂಗಾದ್ರೆ ನಮ್ಮದೇ ಅನ್ನೋದು ಯಾವುದೂ ಇಲ್ಲವಾ? ಇದೆ: "ಡೋಣಿ ಹರಿದ್ರ ಓಣೆಲ್ಲ ಕಾಳು." ಮಜಾ ಅಂದ್ರೆ ಆ ಡೋಣಿ ನದಿ ಹುಟ್ಟೋದೂ ಜತ್ತದ ಕಡೆನೇ! ನೀರು ಉಪ್ಪು, ಬಾಯಿಗೆ ಹಾಕೋಕಾಗಲ್ಲ. ಆದ್ರೆ ದಂಡೆಯ ಎರೆಮಣ್ಣು ಒಮ್ಮೆ ತೊಯ್ದರೆ ಹಿಂಗಾರಿ ಬಿಳಿಜೋಳ ಆ ಹಸಿಯಲ್ಲೇ ಬೆಳೆದು ತೆನೆ ಹಿಡಿಯುತ್ತೆ. ಈಗ ಪಾತ್ರದಲ್ಲಿ ಹೂಳು, ಜಾಲಿ ತುಂಬಿ, ಜೋರು ಮಳೆಯಾದ್ರೆ ನೀರು ಹೊಲದಲ್ಲಿರೋ ಬೆಳೆಗೇ ನುಗ್ಗುತ್ತೆ. ಡೋಣಿ ಹರೀತು ಅಂದ್ರೆ ತಾಳಿಕೋಟಿ ಕಡೆಯವರು ಈಗ ಕೇಳೋದು ಕಾಳಿನ ಸುದ್ದಿ ಅಲ್ಲ, ಸೇತುವೆ ಮುಳುಗಿತೇನು ಅಂತ.