ನಿಶ್ಚಿತ ಠೇವಣಿಯು ಉಳಿತಾಯ ಖಾತೆಯ ಸಂತಾನವೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಬ್ಯಾಂಕ್ ತಂತ್ರಾಂಶದ ಮಾದರಿ ರಚಿಸುವಾಗ ‘ಉಳಿತಾಯ ಖಾತೆ’ ಕ್ಲಾಸಿನಿಂದ (ಕ್ಲಾಸ್ ಎಂದರೆ ಒಂದು ಬಗೆಯ ವಸ್ತುವಿನ ಮಾಹಿತಿ, ಕ್ರಿಯೆಗಳ ಅಚ್ಚು) ‘ನಿಶ್ಚಿತ ಠೇವಣಿ’ ಕ್ಲಾಸನ್ನು ಇನ್‌ಹೆರಿಟ್ ಮಾಡಿಸಿದೆ, ಅಂದರೆ ಮೊದಲನೆಯದರಲ್ಲಿ ಇರುವುದೆಲ್ಲ ಎರಡನೆಯದಕ್ಕೂ ತಾನಾಗಿ ಬರುವಂತೆ ಮಾಡಿದೆ. ಖಾತೆ ಸಂಖ್ಯೆ, ಗ್ರಾಹಕರ ಹೆಸರು, ಬಡ್ಡಿ ದರ ಎರಡರಲ್ಲೂ ಇರುವುದರಿಂದ ಕೋಡ್ ಮತ್ತೆ ಬರೆಯುವ ಶ್ರಮ ತಪ್ಪಿತು. ಆದರೂ ಅಧ್ಯಾಪಕರು ಇದನ್ನು ಒಪ್ಪಲಿಲ್ಲ. ಏಕೆ?

ಉತ್ತರ: ನಿಮ್ಮ ಅಧ್ಯಾಪಕರು ಹೇಳಿದ್ದು ಸರಿ. ಉಳಿತಾಯ ಖಾತೆಯಲ್ಲಿ ‘ಹಣ ತೆಗೆ’ ಎಂಬ ಮೆಥಡ್, ಅಂದರೆ ಕ್ಲಾಸಿನೊಳಗಿನ ಕ್ರಿಯೆ, ಇದ್ದೇ ಇರುತ್ತದೆ. ಠೇವಣಿಯಿಂದ ಬೇಕೆಂದಾಗ ಬೇಕಾದಷ್ಟು ತೆಗೆಯುವಂತಿಲ್ಲವಾದ್ದರಿಂದ, ಅಲ್ಲಿ ನೀವು ಆ ಮೆಥಡ್ ಎರರ್ ಕೊಡುವಂತೆ ಬದಲಿಸಿರುತ್ತೀರಿ. ಆಗ, ಯಾವುದೇ ಉಳಿತಾಯ ಖಾತೆಯಿಂದ ವಿದ್ಯುತ್ ಬಿಲ್ ಕಟ್ಟಲೆಂದು ಬೇರೊಬ್ಬರು ನಂಬಿ ಬರೆದ ಕೋಡ್, ಠೇವಣಿ ಕೈಗೆ ಬಂದ ಕೂಡಲೇ ಮುರಿದುಬೀಳುತ್ತದೆ. ತಾಯಿ ಕ್ಲಾಸಿನ ಜಾಗದಲ್ಲಿ ಮಗು ಕ್ಲಾಸನ್ನು ಇಟ್ಟರೂ ಪ್ರೋಗ್ರಾಂ ನಿರೀಕ್ಷೆಯಂತೆಯೇ ನಡೆಯಬೇಕು ಎಂಬ ಈ ನಿಯಮವನ್ನು ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಉಪನ್ಯಾಸವೊಂದರಲ್ಲಿ ಮುಂದಿಟ್ಟರು. 1994ರಲ್ಲಿ ಮತ್ತೊಬ್ಬ ಕಂಪ್ಯೂಟರ್ ವಿಜ್ಞಾನಿ ಜೆನೆಟ್ ವಿಂಗ್ ಜೊತೆಗೂಡಿ ಅದನ್ನು ಖಚಿತವಾಗಿ ನಿರೂಪಿಸಿದರು. ಇನ್‌ಹೆರಿಟೆನ್ಸ್ ಎಂದರೆ ಮೊದಲು ಒಂದು ವಾಗ್ದಾನ. ಕೋಡಿನ ಉಳಿತಾಯ ಅದರಿಂದ ಸಿಗುವ ಅನುಕೂಲ ಮಾತ್ರ.

ಈ ತಪ್ಪು ಅನುಭವಿಗಳಿಂದಲೂ ಆಗಿದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಸ್ಟ್ಯಾಕ್’ (ಅಟ್ಟಿ) ಕ್ಲಾಸನ್ನು, ಎಲ್ಲಿ ಬೇಕಾದರೂ ವಸ್ತು ಸೇರಿಸಬಲ್ಲ ಪಟ್ಟಿಯಾದ ‘ವೆಕ್ಟರ್’ನಿಂದ ಪಡೆದಿದ್ದರಿಂದ, ಮೇಲಿನದನ್ನು ಮಾತ್ರ ತೆಗೆಯಬೇಕಾದ ಅಟ್ಟಿಯ ನಡುವೆಯೂ ವಸ್ತುವನ್ನು ತುರುಕಬಹುದು. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಅದು ಇಂದಿಗೂ ಹಾಗೆಯೇ ಉಳಿದಿದೆ.

ನಿಮ್ಮ ಮಾದರಿಗೆ ಪರಿಹಾರ ಹೀಗಿದೆ: ಎರಡರ ಮೇಲೆ ‘ಖಾತೆ’ ಎಂಬ ಅಮೂರ್ತ ಕ್ಲಾಸನ್ನು ಇಡಿ. ಬ್ಯಾಂಕಿಗೆ ಹೋಗಿ ಯಾರೂ ಬರೀ ‘ಖಾತೆ’ ತೆರೆಯುವುದಿಲ್ಲ, ಉಳಿತಾಯವೋ ಠೇವಣಿಯೋ ಯಾವುದಾದರೊಂದನ್ನು ತೆರೆಯುತ್ತಾರೆ; ಆದ್ದರಿಂದ ಅದರ ಆಬ್ಜೆಕ್ಟ್ (ಆ ಅಚ್ಚಿನಿಂದ ಮೂಡುವ ಒಂದೊಂದು ಖಾತೆ) ಹುಟ್ಟಬಾರದು. ಯುಎಂಎಲ್ ಚಿತ್ರದಲ್ಲಿ (ತಂತ್ರಾಂಶದ ವಿನ್ಯಾಸ ತೋರಿಸುವ ನಕ್ಷೆಯಲ್ಲಿ) ಅಮೂರ್ತ ಕ್ಲಾಸಿನ ಹೆಸರನ್ನು ಓರೆ ಅಕ್ಷರದಲ್ಲಿ ಬರೆದು, ಮಕ್ಕಳಿಂದ ಅದರತ್ತ ಟೊಳ್ಳು ತ್ರಿಕೋನದ ಬಾಣ ಎಳೆಯಿರಿ. ಸಂಖ್ಯೆ, ಹೆಸರು, ದರ ಮೇಲಿರಲಿ. ‘ಬಡ್ಡಿ ಲೆಕ್ಕ’ವೂ ಮೇಲೆಯೇ ಇರಲಿ, ಆದರೆ ಅದರ ಹೆಸರು ಮಾತ್ರ; ಉಳಿತಾಯಕ್ಕೆ ಪ್ರತಿದಿನದ ಶಿಲ್ಕಿನ ಮೇಲೆ, ಠೇವಣಿಗೆ ಅವಧಿಯ ಮೇಲೆ ಲೆಕ್ಕವಾಗುವುದರಿಂದ ಅದರ ಒಡಲನ್ನು ಮಕ್ಕಳೇ ತುಂಬಬೇಕು. ‘ಹಣ ತೆಗೆ’ ಉಳಿತಾಯದಲ್ಲಷ್ಟೇ ಇರಲಿ. ಎಫ್‌ಡಿ ಮುರಿಸುವುದು ಬೇರೆಯೇ ಕ್ರಿಯೆ, ಅದಕ್ಕೆ ಬೇರೆ ಹೆಸರು ಕೊಡಿ.

ಇಷ್ಟಾದ ಮೇಲೆ ‘ಹಿರಿಯ ನಾಗರಿಕರ ಠೇವಣಿ’ಗೂ ಒಂದು ಮಗು ಕ್ಲಾಸ್ ಬರೆಯುವ ಆಸೆಯಾಗಬಹುದು, ದಯವಿಟ್ಟು ಬೇಡ. ಅಲ್ಲಿ ಬದಲಾಗುವುದು ದರವೆಂಬ ಒಂದು ಅಂಕಿಯೇ ಹೊರತು ನಡವಳಿಕೆಯಲ್ಲ, ಮತ್ತು ಗ್ರಾಹಕರಿಗೆ 60 ತುಂಬಿತೆಂದು ಜಾವಾದಲ್ಲಿ ಆಬ್ಜೆಕ್ಟ್ ತನ್ನ ಕ್ಲಾಸನ್ನು ಬದಲಿಸಿಕೊಳ್ಳಲಾರದು.