ಪಿಯುಸಿ ಆದ್ಮೇಲೆ ಮ್ಯೂಸಿಕ್ ಥೆರಪಿ ಡಿಗ್ರಿ: ನಿಮ್ಮ ಪ್ರಶ್ನೆಗೆ

ಗದಗಿನಲ್ಲಿ ಪಿಯುಸಿ ಮುಗಿದಿದೆ, ಹಿಂದೂಸ್ತಾನಿ ಕಲಿತಿದ್ದೇನೆ, ಮ್ಯೂಸಿಕ್ ಥೆರಪಿಯಲ್ಲೇ ಡಿಗ್ರಿ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿ. ಆದರೆ ದಾರಿ ಸ್ವಲ್ಪ ಸುತ್ತು.

ಅಮೆರಿಕದಲ್ಲಿ ಇದಕ್ಕೇ ಅಂತ ಪದವಿ ಇದೆ. ಸಂಗೀತದ ಜೊತೆ ಮನಃಶಾಸ್ತ್ರ, ಶರೀರಶಾಸ್ತ್ರ ಓದಬೇಕು, ಕನಿಷ್ಠ 1200 ಗಂಟೆ ತರಬೇತಿ ಮುಗಿಸಬೇಕು, ಆಮೇಲೆ ಥೆರಪಿಸ್ಟ್ ಅಂತ ಪ್ರಮಾಣಪತ್ರ ಪಡೆಯಲು ಬೋರ್ಡ್ ಪರೀಕ್ಷೆ. ಬ್ರಿಟನ್ನಿನಲ್ಲಿ ಇದನ್ನು ಮಾಸ್ಟರ್ಸ್‌ನಲ್ಲೇ ಓದುವುದು. ಹಾಗಾಗಿ ಈಗ ಧಾರವಾಡದಲ್ಲೇ ಸಂಗೀತ ಇಲ್ಲವೇ ಸೈಕಾಲಜಿ ಡಿಗ್ರಿ ಮಾಡಿ, ಇನ್ನೊಂದನ್ನು ಕೈಬಿಡಬೇಡಿ. ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅಲ್ಲೇ ಇದೆ ಅಲ್ವಾ, ಹೋಗಿ ಅಲ್ಲಿನವರ ಹತ್ತಿರ ಮಾತಾಡಿ.

ನಾನು ಹುಬ್ಬಳ್ಳಿಯ ಒಂದು ವಿಶೇಷ ಮಕ್ಕಳ ಶಾಲೆಯಲ್ಲಿ ವಾರಕ್ಕೊಮ್ಮೆ ಹಾರ್ಮೋನಿಯಂ ನುಡಿಸುತ್ತೇನೆ. ಅಲ್ಲೊಬ್ಬ ಹುಡುಗ ಮಾತಾಡುವುದಿಲ್ಲ, ಸುಮ್ನೆ ಬೆಂಚು ಬಡಿಯುತ್ತಾ ಕೂರುತ್ತಾನೆ. ಒಂದು ದಿನ ನನ್ನ ಹಾಡು ಬಿಟ್ಟು ಅವನ ಬಡಿತಕ್ಕೇ ಸ್ವರ ಹಿಡಿದೆ. ಅವನು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತಿದ್ದೆ. ನಾಲ್ಕನೇ ಸಲ ನಿಂತಾಗ ತಲೆ ಎತ್ತಿ ನನ್ನ ಕೈ ನೋಡಿದ, ಮತ್ತೆ ಬಡಿದು ಕಾಯುತ್ತಾ ಕೂತ. ನಾನು ಥೆರಪಿಸ್ಟ್ ಅಲ್ಲ, ಆದರೆ ಈ ಓದು ಎಷ್ಟು ಬೇಕು ಅಂತ ಅವತ್ತು ಗೊತ್ತಾಯಿತು.

ಇಂಥ ರಾಗ ಕೇಳಿದರೆ ಇಂಥ ಕಾಯಿಲೆ ವಾಸಿ ಅನ್ನುವವರ ಕೋರ್ಸಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ. ಈಗಿನಿಂದಲೇ ಗಿಟಾರ್ ಅಥವಾ ಕೀಬೋರ್ಡ್ ಕಲಿಯಿರಿ. ಕರಿ ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ, ಕಲಿತ ಹಾಡನ್ನು, ಎದುರಿಗಿರುವವರ ದನಿಗೆ ತಕ್ಕಂತೆ ಯಾವ ಶ್ರುತಿಯಲ್ಲಾದರೂ ಹಾಡಲು ಬರಬೇಕು.